ಊರು ಬಿಡುವ ಮುಂಚೆ ನಾಯಿಯ ಲೆಕ್ಕವನ್ನೂ ಹಾಕೋಣ

ಕನ್ನಡ ಶಾಲೆಯ ಮೇಷ್ಟ್ರುಗಳಿಗೆ ನಾಯಿಯ ವಿಮಾನಯಾನದ ಚಿಂತೆ ಯಾಕೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಪಠ್ಯಪುಸ್ತಕ ಬಂದಿಲ್ಲ, ಮಕ್ಕಳು ಕಡಿಮೆಯಾದರು, ಗಡಿನಾಡಿನ ಕನ್ನಡವನ್ನು ಕೇಳುವವರಿಲ್ಲ... ನಮ್ಮಿಂದ ನೀವು ನಿರೀಕ್ಷಿಸುವುದು ಇಂಥವನ್ನೇ ಅಲ್ಲವೇ? ಅವೆಲ್ಲ ಇದ್ದೇ ಇವೆ, ಎಲ್ಲೂ ಓಡಿಹೋಗುವುದಿಲ್ಲ. ಈ ಸಲ ನಾಯಿಯ ವಿಷಯ ಮಾತಾಡೋಣ. ಹೇಗೂ ನಾಯಿ ಅನ್ನುವ ಪದ ಕನ್ನಡ, ತಮಿಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ!

ಹೊಸೂರಿನ ಕಡೆ ಪಾಠ ಹೇಳುವ ನಮಗೆ, ತಮಿಳುನಾಡಿನಲ್ಲಿ ನಮಗಿಂತಲೂ ಎಷ್ಟೋ ದಕ್ಷಿಣಕ್ಕೆ ಇರುವ ಕನ್ನಡ ಮನೆಗಳೆಂದರೆ ಒಂದು ಸೆಳೆತ. ದಿಂಡಿಗಲ್ ದಾಟಿ, ತೇನಿ ದಾಟಿ, ಚಿನ್ನಮನೂರು, ಉತ್ತಮಪಾಳ್ಯಂ, ಕಂಬಂ, ಗೂಡಲೂರು ಅಂತ ಕಣಿವೆಯುದ್ದಕ್ಕೂ ಹೋಗಿ. ಎಡಕ್ಕೂ ಬಲಕ್ಕೂ ಪಶ್ಚಿಮಘಟ್ಟದ ಗೋಡೆ, ನಡುವೆ ಮುಲ್ಲಪೆರಿಯಾರಿನ ನೀರು ಕುಡಿದ ಗದ್ದೆ, ತೆಂಗು, ದ್ರಾಕ್ಷಿ ತೋಟ. ಇಲ್ಲಿನ ಒಕ್ಕಲಿಗರು, ಕಪ್ಪಿಲಿಯರು ಶತಮಾನಗಳಿಂದ ಮನೆಯೊಳಗೆ ಕನ್ನಡ ಆಡುತ್ತ ಬಂದವರು. ಓದು ಬರಹ ತಮಿಳಿನಲ್ಲಿ, ಜಗಳ ಮತ್ತು ಜೋಗುಳ ಕನ್ನಡದಲ್ಲಿ. ನಮ್ಮ ಪುಸ್ತಕದ ಕನ್ನಡ ಕೇಳಿ ಅಲ್ಲಿನ ಅಜ್ಜಿಯರು ನಗುತ್ತಾರೆ. ನಗಲಿ ಬಿಡಿ.

ಈಗ ಆ ಮನೆಗಳ ಮಕ್ಕಳೂ ಊರಲ್ಲಿಲ್ಲ. ದುಬೈ, ಸಿಂಗಪುರ, ಫ್ರಾಂಕ್‌ಫರ್ಟ್, ನ್ಯೂಜೆರ್ಸಿ ಅಂತ ಹೋಗಿದ್ದಾರೆ. ಕೆಲವರು ವಯಸ್ಸಾದ ಅಪ್ಪ ಅಮ್ಮನನ್ನೂ ಕರೆಸಿಕೊಳ್ಳುತ್ತಿದ್ದಾರೆ. ಮನೆ ಬಾಗಿಲಿಗೆ ಗಟ್ಟಿಮುಟ್ಟಾದ ದಿಂಡಿಗಲ್ ಬೀಗ ಬೀಳುತ್ತದೆ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಹೆಸರಾಂತ ಬೀಗ ಅದು, ಮನೆಯೊಳಗಿನ ಸಾಮಾನನ್ನೆಲ್ಲ ಕಾಯುತ್ತದೆ. ಬಾಗಿಲ ಹೊರಗೆ ಕೂತ ನಾಯಿಯನ್ನು ಮಾತ್ರ ಯಾವ ಬೀಗವೂ ಕಾಯುವುದಿಲ್ಲ.

ನಾವು ಹೇಳಬೇಕೆಂದಿರುವುದು ಇಷ್ಟೇ: ವೀಸಾಕ್ಕೆ ಅರ್ಜಿ ಹಾಕುವ ದಿನವೇ ನಾಯಿಯ ಲೆಕ್ಕವೂ ಶುರುವಾಗಬೇಕು. ಪ್ರೀತಿ ಇದೆ ಅಂದರೆ ಸಾಲದು, ಏರ್ಪಾಡು ಬೇಕು.

ಕಣಿವೆಯ ನಾಯಿ ಅಂದೆವಲ್ಲ, ಅದು ಸಾಮಾನ್ಯ ನಾಯಿಯಲ್ಲ. ಉತ್ತಮಪಾಳ್ಯಂ ತಾಲ್ಲೂಕಿನ ಕೋಂಬೈ ಊರಿನ ಹೆಸರನ್ನೇ ಹೊತ್ತ ತಳಿ. ಕೆಂಗಂದು ಮೈ, ಮಸಿ ಬಳಿದಂಥ ಕಪ್ಪು ಮೂತಿ, ಗಿಡ್ಡ ಕೂದಲು, ಗಟ್ಟಿ ದವಡೆ. ಹಿಂದೆ ಕಾಡುಹಂದಿ ಬೇಟೆಗೆ ಹೋಗುತ್ತಿತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಗೆ ಕಾನೂನಿನಲ್ಲಿ ಜಾಗವಿಲ್ಲ, ಹಾಗಾಗಿ ತೋಟ, ಮನೆ, ದನ ಕಾಯುವುದೇ ಅದರ ಉದ್ಯೋಗ. 2005ರ ಜನವರಿಯಲ್ಲಿ ಅಂಚೆ ಇಲಾಖೆ ನಾಯಿಗಳ ಅಂಚೆಚೀಟಿ ತಂದಾಗ ನಮ್ಮ ಮುಧೋಳ ನಾಯಿ, ಪಕ್ಕದ ರಾಜಪಾಳ್ಯಂ ನಾಯಿ ಎರಡಕ್ಕೂ ಜಾಗ ಸಿಕ್ಕಿತು, ಕೋಂಬೈಗೆ ಸಿಗಲಿಲ್ಲ. 2020ರ ಆಗಸ್ಟಿನ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯವರು ದೇಸಿ ತಳಿಗಳ ಹೆಸರು ಹೇಳುವಾಗ ಕೋಂಬೈ ಹೆಸರೂ ಬಂತು. ಆದರೆ ಹೊರದೇಶದ ಕಚೇರಿಯ ಗುಮಾಸ್ತನಿಗೆ ಈ ಹೆಸರು ಗೊತ್ತಿರುವುದಿಲ್ಲ. ಅಂತಾರಾಷ್ಟ್ರೀಯ ಶ್ವಾನ ಒಕ್ಕೂಟ ಮಾನ್ಯ ಮಾಡಿದ ತಳಿಗಳ ಪಟ್ಟಿಯಲ್ಲಿ ಕೋಂಬೈ ಇಲ್ಲ. ಲಸಿಕೆ ಪುಸ್ತಕದಲ್ಲಿ ಒಂದು ಕಡೆ ನಾಟಿ ನಾಯಿ, ಇನ್ನೊಂದು ಕಡೆ ಕೋಂಬೈ, ಮತ್ತೊಂದು ಕಡೆ ಬರೀ ಕೆಂಪು ನಾಯಿ ಅಂತ ಬರೆಸಿದ್ದರೆ ತೊಂದರೆ ಅಲ್ಲಿಂದಲೇ ಶುರು. ಎಲ್ಲ ಕಾಗದದಲ್ಲೂ ತಳಿ, ಬಣ್ಣ, ವಯಸ್ಸು ಒಂದೇ ರೀತಿ ಇರಬೇಕು. ಮೊದಲ ಪಾಠ ಇದು.

ಈಗ ಕರಿಹಲಗೆಯ ಮೇಲೆ ಲೆಕ್ಕ ಹಾಕೋಣ, ಕೂಡುವುದು ಬಂದರೆ ಸಾಕು.

ಮೊದಲು ಮೈಕ್ರೋಚಿಪ್. ಅಕ್ಕಿಕಾಳಿನಷ್ಟು ದೊಡ್ಡ ಗುರುತು, ಚರ್ಮದ ಕೆಳಗೆ ಕೂರುತ್ತದೆ, ಅದಕ್ಕೊಂದು 15 ಅಂಕಿಯ ಸಂಖ್ಯೆ. ಆಮೇಲೆ ರೇಬಿಸ್ ಲಸಿಕೆ. ಈ ಕ್ರಮ ತಪ್ಪಬಾರದು. ಲಸಿಕೆ ಮೊದಲು ಹಾಕಿಸಿ ಚಿಪ್ ಆಮೇಲೆ ಹಾಕಿಸಿದರೆ ಆ ಲಸಿಕೆ ಲೆಕ್ಕಕ್ಕಿಲ್ಲ, ಮತ್ತೆ ಹಾಕಿಸಬೇಕು. ಚಿಪ್ಪೂ ಲಸಿಕೆಯೂ ಒಂದೇ ದಿನವಾದರೆ ಅಡ್ಡಿಯಿಲ್ಲ. ಮರಿಗೆ 12 ವಾರ ತುಂಬಿರಬೇಕು.

ಲಸಿಕೆಯಾಗಿ 30 ದಿನ ಕಳೆದ ಮೇಲೆ ರಕ್ತ ತೆಗೆಸಿ, ಹೋಗುವ ದೇಶ ಒಪ್ಪುವ ಪ್ರಯೋಗಾಲಯಕ್ಕೆ ಕಳಿಸಬೇಕು. ರಕ್ತದಲ್ಲಿ ರೇಬಿಸ್ ವಿರುದ್ಧದ ಪ್ರತಿಕಾಯ ಮಿಲಿಲೀಟರಿಗೆ 0.5 ಅಂತಾರಾಷ್ಟ್ರೀಯ ಘಟಕಕ್ಕೆ ಕಡಿಮೆ ಇರಬಾರದು. ಬ್ರಿಟನ್ನಿಗೋ ಯುರೋಪ್ ಒಕ್ಕೂಟದ ದೇಶಗಳಿಗೋ ಹೋಗುವುದಾದರೆ ರಕ್ತ ತೆಗೆಸಿದ ದಿನದಿಂದ ಇನ್ನೂ 3 ತಿಂಗಳು ಕಾಯಬೇಕು. ಕೂಡಿ ನೋಡಿ: ಒಂದು ತಿಂಗಳು, ಮೂರು ತಿಂಗಳು, ಒಟ್ಟು ನಾಲ್ಕು. ನಡುವೆ ಒಂದು ಕಾಗದ ತಪ್ಪಿದರೆ ಆರು.

ಅಮೆರಿಕದ ಲೆಕ್ಕ ಬೇರೆ. 2021ರ ಜುಲೈಯಲ್ಲಿ ಅವರು ರೇಬಿಸ್ ಹೆಚ್ಚಿರುವ ದೇಶಗಳ ನಾಯಿಗಳಿಗೆ ತಡೆ ಹಾಕಿದರು, ಆ ಪಟ್ಟಿಯಲ್ಲಿ ಭಾರತವೂ ಇತ್ತು. 2024ರ ಆಗಸ್ಟ್ 1ರಿಂದ ಹೊಸ ನಿಯಮ. ನಾಯಿಗೆ ಕನಿಷ್ಠ 6 ತಿಂಗಳು ವಯಸ್ಸಾಗಿರಬೇಕು, ಚಿಪ್ ಇರಬೇಕು. ನಮ್ಮ ದೇಶದಲ್ಲಿ ಲಸಿಕೆ ಹಾಕಿಸಿದ್ದಾದರೆ ಸರ್ಕಾರಿ ಪಶುವೈದ್ಯರು ಮೊಹರು ಹಾಕಿದ ಪ್ರಮಾಣಪತ್ರ ಬೇಕು. ನ್ಯೂಯಾರ್ಕ್, ಲಾಸ್ ಏಂಜಲೀಸ್, ಅಟ್ಲಾಂಟಾದಂಥ ಗೊತ್ತುಮಾಡಿದ ನಿಲ್ದಾಣಗಳಲ್ಲೇ ಇಳಿಯಬೇಕು. ಅಲ್ಲಿನ ನೋಂದಾಯಿತ ಪ್ರಾಣಿ ಆರೈಕೆ ಕೇಂದ್ರದಲ್ಲಿ ಮೊದಲೇ ಜಾಗ ಕಾದಿರಿಸಿರಬೇಕು. ರಕ್ತಪರೀಕ್ಷೆಯ ಫಲಿತಾಂಶ ಇಲ್ಲದಿದ್ದರೆ 28 ದಿನ ಪ್ರತ್ಯೇಕವಾಸ, ಖರ್ಚು ನಮ್ಮದೇ.

ಆಸ್ಟ್ರೇಲಿಯಾದ ಮಾತು ಕೇಳಲೇಬೇಡಿ. ಭಾರತದಿಂದ ನೇರವಾಗಿ ನಾಯಿಯನ್ನು ಅಲ್ಲಿಗೆ ಒಯ್ಯಲಾಗದು. ಅವರು ಒಪ್ಪಿದ ಮತ್ತೊಂದು ದೇಶದಲ್ಲಿ ಉಳಿಸಿ, ಅಲ್ಲಿಂದ ಕಾಗದ ಮಾಡಿಸಿ ಒಯ್ಯಬೇಕು. ಸಿಂಗಪುರದಲ್ಲಿ ದೇಶದೊಳಕ್ಕೆ ಬಿಟ್ಟರೂ ಮನೆಯೊಳಕ್ಕೆ ಬಿಡುವುದು ಕಷ್ಟ. ಅಲ್ಲಿ ಬಹುಪಾಲು ಜನ ವಾಸಿಸುವ ಸರ್ಕಾರಿ ವಸತಿ ಮಂಡಳಿಯ ಫ್ಲಾಟುಗಳಲ್ಲಿ ಒಪ್ಪಿತ ಪಟ್ಟಿಯ ಸಣ್ಣ ತಳಿಗಳಿಗೆ ಮಾತ್ರ ಮುಖ್ಯವಾಗಿ ಜಾಗ. ನಮ್ಮ ಕೋಂಬೈ ಆ ಪಟ್ಟಿಯಲ್ಲಿಲ್ಲ. ಬೆಕ್ಕಿಗಂತೂ 2024ರ ಸೆಪ್ಟೆಂಬರ್ ತನಕ ಆ ಫ್ಲಾಟುಗಳಲ್ಲಿ ಅನುಮತಿಯೇ ಇರಲಿಲ್ಲ!

ಇದೆಲ್ಲ ಓದಿ ಬಿಳಿಯರಿಗೆ ನಮ್ಮ ನಾಯಿಯೆಂದರೆ ತಾತ್ಸಾರ ಅಂತ ಸಿಟ್ಟು ಮಾಡಿಕೊಳ್ಳುವವರಿದ್ದಾರೆ. ನಾವು ಹಾಗೆ ಹೇಳುವುದಿಲ್ಲ. ಬ್ರಿಟನ್ನು 1902ರ ಹೊತ್ತಿಗೆ ರೇಬಿಸನ್ನು ನಿರ್ಮೂಲ ಮಾಡಿತ್ತು. ಮೊದಲ ಮಹಾಯುದ್ಧ ಮುಗಿಯುತ್ತಿದ್ದ 1918ರಲ್ಲಿ ಹೊರಗಿನಿಂದ ಕದ್ದು ತಂದ ನಾಯಿಯ ಮೂಲಕ ರೋಗ ಮತ್ತೆ ಒಳಬಂತು. ಅದನ್ನು ಮತ್ತೆ ಓಡಿಸಲು 1922 ಆಯಿತು. ಆಮೇಲೆ ದಶಕಗಟ್ಟಲೆ ಹೊರಗಿನ ನಾಯಿಗಳಿಗೆ 6 ತಿಂಗಳ ಬಂದೀವಾಸ. ಭಾರತದಂಥ ದೇಶಗಳ ನಾಯಿಗಳಿಗೆ ಅದು ತಪ್ಪಿದ್ದು 2012ರ ಜನವರಿ 1ರಿಂದ. ಇತ್ತ ನಮ್ಮ ಕಡೆ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನ ರೇಬಿಸ್ ಸಾವುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಭಾರತದಲ್ಲೇ. ಅದರಲ್ಲಿ ಶಾಲೆಗೆ ಹೋಗುವ ಮಕ್ಕಳೂ ಸೇರಿದ್ದಾರೆ. ತರಗತಿಯಲ್ಲಿ ನಿಲ್ಲುವ ನಮಗೆ ಆ ನಿಯಮ ಕಠಿಣವಾಗಿ ಕಂಡರೂ ಅನ್ಯಾಯವಾಗಿ ಕಾಣುವುದಿಲ್ಲ. ಅನ್ಯಾಯ ಏನಿದ್ದರೂ ಅದು ಕೊನೇ ಗಳಿಗೆಯಲ್ಲಿ ವಿಚಾರಿಸುವ ನಮ್ಮ ಜನರ ಅಭ್ಯಾಸದಲ್ಲಿದೆ.

ನಮಗೆ ಗೊತ್ತಿರುವ ಒಂದು ಮನೆಯ ಕಥೆ ಕೇಳಿ. ಅಪ್ಪ ತೀರಿಹೋದರು, ಜರ್ಮನಿಯಲ್ಲಿರುವ ಮಗ ಅಮ್ಮನನ್ನು ಕರೆದೊಯ್ಯಲು ಬಂದ. ವೀಸಾ, ವಿಮೆ, ಟಿಕೆಟ್ಟು, ಉಪ್ಪಿನಕಾಯಿ, ಎಲ್ಲ ತಯಾರು. ಹೊರಡಲು ಮೂರು ವಾರ ಇರುವಾಗ ಆ ತಾಯಿ ಕೇಳಿದರು: "ನಾಯಿನ ಯಾವಾಗ ಕರ್ಕೊಂಡ್ ಹೋಗಾದು?" ಮಗ ಫೋನಿನಲ್ಲಿ ಹುಡುಕಿ ನೋಡಿದ. ನಾಲ್ಕು ತಿಂಗಳು ಬೇಕು. ಆ ತಾಯಿ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಆದರೆ ಸುಮ್ಮನೆ ಕೂರಲೂ ಇಲ್ಲ. ತೋಟಕ್ಕೆ ನೀರು ಕಟ್ಟುವ ಆಳನ್ನು ಕರೆಸಿದರು. ತಿಂಗಳಿಗೆ ಇಷ್ಟು ಹಣ, ಇಷ್ಟು ಅಕ್ಕಿ, ವರ್ಷಕ್ಕೊಮ್ಮೆ ಲಸಿಕೆ, ರಾತ್ರಿ ಮನೆಯ ಜಗುಲಿಯ ಮೇಲೇ ಮಲಗಬೇಕು ಅಂತ ಮಾತು ಮಾಡಿಕೊಂಡರು. ಉಳಿದ ಮೂರು ವಾರವೂ ನಾಯಿಗೆ ಅನ್ನ ಹಾಕುವ ಕೆಲಸ ಆತನದೇ. ಅವರು ಹೋದ ಮೇಲೆ ಆ ನಾಯಿ ಕೆಲವು ದಿನ ಸರಿಯಾಗಿ ತಿನ್ನಲಿಲ್ಲ, ಆಮೇಲೆ ತಿಂದಿತು. ಈಗಲೂ ಆ ತೋಟಕ್ಕೆ ಯಾರೇ ಹೋದರೂ ಗೇಟಿನಲ್ಲೇ ತಡೆಯುತ್ತದೆ.

ಶಾಲೆಯ ಮೆಟ್ಟಿಲು ಹತ್ತಿರದ ಆ ತಾಯಿಯ ಲೆಕ್ಕಾಚಾರಕ್ಕೆ ನಾವು ನೂರಕ್ಕೆ ನೂರು ಅಂಕ ಕೊಡುತ್ತೇವೆ.

ಯಾಕೆಂದರೆ ಉಳಿದ ಮನೆಗಳಲ್ಲಿ ನಡೆಯುವುದು ಬೇರೆ. "ದೇವಸ್ಥಾನದ ಹತ್ತಿರ ಬಿಟ್ಟಿದ್ದೇವೆ, ಪ್ರಸಾದ ಸಿಗುತ್ತೆ" ಅನ್ನುತ್ತಾರೆ. "ಕುಮಿಳಿ ಘಟ್ಟದ ಹೋಟೆಲುಗಳ ಹತ್ತಿರ ಬಿಟ್ಟರೆ ಬದುಕಿಕೊಳ್ಳುತ್ತೆ" ಅನ್ನುತ್ತಾರೆ. ಘಟ್ಟದ ಆಚೆ ಈಚೆ ಎರಡೂ ಹುಲಿ ಸಂರಕ್ಷಿತ ಪ್ರದೇಶ: ಆ ಕಡೆ ಪೆರಿಯಾರ್, ಈ ಕಡೆ 2021ರಲ್ಲಿ ಘೋಷಣೆಯಾದ ಶ್ರೀವಿಲ್ಲಿಪುತ್ತೂರು-ಮೇಘಮಲೈ. ಅಲ್ಲಿ ಬಿಟ್ಟ ನಾಯಿ ಒಂದೋ ಚಿರತೆಯ ಬಾಯಿಗೆ, ಇಲ್ಲವೇ ತಾನೇ ಕಾಡಿನ ಪ್ರಾಣಿಗಳಿಗೆ ರೋಗ ಹಂಚುವುದಕ್ಕೆ. ಹಸಿವಿನಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಮೊದಲ ಸಲದ ದಂಡ ಎಷ್ಟು ಗೊತ್ತೇ? 10 ರೂಪಾಯಿಯಿಂದ 50 ರೂಪಾಯಿ! ಈ ದಂಡಕ್ಕೆ ಹೆದರಿ ಯಾರೂ ನಾಯಿಯನ್ನು ಉಳಿಸಿಕೊಳ್ಳುವುದಿಲ್ಲ. ಕಾನೂನು ಮಾಡದ ಕೆಲಸವನ್ನು ಮರ್ಯಾದೆಯೇ ಮಾಡಬೇಕು.

ಮರ್ಯಾದೆ ಅಂದಾಗ ಕಂಬಂನವರಿಗೆ ಹೊರಗಿನವರು ಪಾಠ ಹೇಳಬೇಕಾಗಿಲ್ಲ. ಅವರ ಊರಿನಲ್ಲೇ ಪಾಠ ಇದೆ. ಇಲ್ಲಿನ ಕನ್ನಡಿಗರ ಹಿರಿಯರು ಮೈಸೂರು ಸೀಮೆಯಿಂದ ಹೊರಟಾಗ ತಮ್ಮ ದನಗಳನ್ನೂ ಜೊತೆಗೆ ಹೊಡೆದುಕೊಂಡು ಬಂದರು ಅನ್ನುವುದು ಪರಂಪರೆಯ ಮಾತು. ಆ ಮಂದೆಯ ಸಂತತಿಗೆ ತಮಿಳಿನಲ್ಲಿ 'ತಂಬಿರಾನ್ ಮಾಡು' ಅನ್ನುತ್ತಾರೆ, ಕನ್ನಡದಲ್ಲಿ 'ದೇವರು ಆವು'. 1906ರಲ್ಲಿ ಪ್ರಕಟವಾದ ಡಬ್ಲ್ಯು. ಫ್ರಾನ್ಸಿಸ್ ಅವರ ಮಧುರೆ ಜಿಲ್ಲಾ ಗೆಜೆಟಿಯರ್ ಈ ಮಂದೆಯ ಬಗ್ಗೆ ವಿವರವಾಗಿ ಬರೆದಿದೆ. ಹಸುಗಳ ಹಾಲು ಕರೆಯುವುದಿಲ್ಲ. ಮಂದೆಗೊಂದು ಪಟ್ಟದ ಹೋರಿ ಇರುತ್ತದೆ. ಅದರ ಕಾಲ ಮುಗಿದಾಗ ಮಂದೆಯ ಮುಂದೆ ಕಬ್ಬು ಇಟ್ಟು ಕಾಯುತ್ತಾರೆ, ಯಾವ ಹೋರಿ ಮೊದಲು ಬಂದು ತಿನ್ನುತ್ತದೋ ಅದಕ್ಕೆ ಪಟ್ಟ. ಇವತ್ತಿಗೂ ಮಾಟ್ಟುಪೊಂಗಲ್ ದಿನ ಕಂಬಂನ ಆ ದೊಡ್ಡಿಗೆ ಜನ ಕಬ್ಬು ಹಿಡಿದು ಹೋಗುತ್ತಾರೆ.

ಭಕ್ತಿಯನ್ನು ಪಕ್ಕಕ್ಕಿಟ್ಟು ಒಂದು ನಿಮಿಷ ಏರ್ಪಾಡನ್ನಷ್ಟೇ ನೋಡಿ. ಊರು ಬಿಡುವವರು ಪ್ರಾಣಿಯನ್ನು ಬಿಡಲಿಲ್ಲ. ಹೊಸ ಊರಿಗೆ ಬಂದ ಮೇಲೆ ಅದಕ್ಕೊಂದು ಜಾಗ ಮಾಡಿದರು, ಕಾಯುವವನನ್ನು ನೇಮಿಸಿದರು. ತಾವು ಸತ್ತ ಮೇಲೂ ನಡೆಯುವಂತೆ ನಿಯಮ ಕಟ್ಟಿದರು. ಆ ಮಂದೆ ಉಳಿದದ್ದು ಬರೀ ಪ್ರೀತಿಯಿಂದಲ್ಲ, ಯಾರು ಏನು ಮಾಡಬೇಕು ಅಂತ ಗೊತ್ತಿದ್ದರಿಂದ. ಹೀಗೆ ನೂರಾರು ಮೈಲಿ ದನ ಹೊಡೆದುಕೊಂಡು ಬಂದವರ ಮೊಮ್ಮಕ್ಕಳು ಒಂದು ನಾಯಿಗೆ ನಾಲ್ಕು ತಿಂಗಳ ಮುಂಚೆ ಯೋಚಿಸಲಾರರೇ?

ಹಾಗಾದರೆ ಎಲ್ಲರೂ ನಾಯಿಯನ್ನು ಕರೆದೊಯ್ಯಬೇಕೇ? ಇಲ್ಲ. ಹತ್ತೆಕರೆ ತೋಟವನ್ನು ತನ್ನದೆಂದು ತಿಳಿದು ರಾತ್ರಿಯಿಡೀ ಸುತ್ತುವ ಆರು ವರ್ಷದ ಕೋಂಬೈಯನ್ನು ನಾಲ್ಕನೇ ಮಹಡಿಯ ಫ್ಲಾಟಿಗೆ ಒಯ್ದು, ದಿನಕ್ಕೆರಡು ಸಲ ಹಗ್ಗ ಹಿಡಿದು ನಡೆಸಿದರೆ ಅದು ಯಾರ ಸುಖಕ್ಕೆ? ಅಪರಿಚಿತರನ್ನು ತಡೆಯುವುದೇ ಅದರ ಗುಣ, ಅಲ್ಲಿ ಎದುರಾಗುವವರೆಲ್ಲ ಅಪರಿಚಿತರೇ. ಮೈಮೇಲೆ ಗಿಡ್ಡ ಕೂದಲು, ಹೊರಗೆ ಹಿಮ. ಇಂಥ ನಾಯಿಗೆ ಅದೇ ಬೀದಿಯಲ್ಲಿ, ಅದೇ ವಾಸನೆಯ ನಡುವೆ, ಗೊತ್ತಿರುವ ಕೈಯಿಂದ ಅನ್ನ ಸಿಗುವುದೇ ಒಳ್ಳೆಯದು. ಆದರೆ ಅದಕ್ಕೂ ಮೇಲಿನ ತಾಯಿ ಮಾಡಿದಂಥ ಕರಾರು ಬೇಕು: ಯಾರು, ಎಲ್ಲಿ, ಎಷ್ಟು ಹಣ, ಲಸಿಕೆ ಯಾವಾಗ, ಕಾಯಿಲೆ ಬಿದ್ದರೆ ಯಾರಿಗೆ ಫೋನು. ತೇನಿಯಲ್ಲೇ 2020ರಲ್ಲಿ ಸರ್ಕಾರಿ ಪಶುವೈದ್ಯ ಕಾಲೇಜು ಶುರುವಾಗಿದೆ, ಚಿಕಿತ್ಸೆಗೆ ಮಧುರೆಗೇ ಓಡಬೇಕು ಅನ್ನುವ ನೆಪವೂ ಈಗಿಲ್ಲ.

ಇನ್ನು ಮನೆಯೊಳಗೇ ಬೆಳೆದ ನಾಯಿ, ಒಬ್ಬರನ್ನೇ ಹಚ್ಚಿಕೊಂಡ ನಾಯಿ, ಮಕ್ಕಳ ಜೊತೆ ಮಲಗುವ ಬೆಕ್ಕು... ಇವುಗಳ ಮಾತು ಬೇರೆ. ಇವುಗಳಿಗೆ ಮನುಷ್ಯರೇ ಊರು. ಅವನ್ನು ಕರೆದೊಯ್ಯಿರಿ. ಖರ್ಚು ಲಕ್ಷ ದಾಟುವುದು ಅಪರೂಪವಲ್ಲ, ಅದನ್ನೂ ಮೊದಲೇ ಎಣಿಸಿ. ಹೊರಡುವ ಹೊತ್ತಿಗೆ ಕೇಂದ್ರ ಸರ್ಕಾರದ ಪ್ರಾಣಿ ಪ್ರತ್ಯೇಕವಾಸ ಮತ್ತು ಪ್ರಮಾಣೀಕರಣ ಕೇಂದ್ರದ ಪತ್ರ ಬೇಕು. ಹಿಂದೆ ಕಣಿವೆಯವರು ಅದಕ್ಕಾಗಿ ಐನೂರು ಕಿಲೋಮೀಟರು ದಾಟಿ ಚೆನ್ನೈಗೆ ಹೋಗಬೇಕಿತ್ತು. ಬೆಂಗಳೂರಿನಲ್ಲೂ ಕೇಂದ್ರ ಇದೆ. ಕಂಬಂನಿಂದ ಘಟ್ಟ ಹತ್ತಿ ಇಳಿದರೆ ಸಿಗುವ ಕೊಚ್ಚಿ ವಿಮಾನ ನಿಲ್ದಾಣಕ್ಕೆ ಸಾಕುಪ್ರಾಣಿ ಕಳಿಸಲು 2023ರಲ್ಲಿ, ಹೊರಗಿನಿಂದ ತರಿಸಿಕೊಳ್ಳಲು 2024ರಲ್ಲಿ ಒಪ್ಪಿಗೆ ಸಿಕ್ಕಿದೆ. ಕಣಿವೆಗೆ ಇದು ದೊಡ್ಡ ಅನುಕೂಲ.

ಪ್ರಯಾಣದ ಪೆಟ್ಟಿಗೆಯನ್ನು ಎರಡು ತಿಂಗಳ ಮುಂಚೆಯೇ ಮನೆಗೆ ತನ್ನಿ. ನಾಯಿ ಅದರೊಳಗೆ ನೆಟ್ಟಗೆ ನಿಲ್ಲುವಂತಿರಬೇಕು, ತಿರುಗುವಂತಿರಬೇಕು, ಮಲಗುವಂತಿರಬೇಕು. ಅದರೊಳಗೇ ಊಟ ಹಾಕಿ, ಹಳೇ ಸೀರೆ ಹಾಸಿ, ಅಲ್ಲೇ ನಿದ್ದೆ ಮಾಡುವುದು ರೂಢಿಯಾಗಲಿ. ನಿದ್ದೆ ಮಾತ್ರೆ ಕೊಟ್ಟು ಕಳಿಸುವ ಯೋಚನೆ ಬೇಡ, ಆಕಾಶದಲ್ಲಿ ಅದು ಪ್ರಾಣಕ್ಕೇ ಅಪಾಯ. ಬ್ರಿಟನ್ನಿಗೆ ಹೋಗುವ ನಾಯಿ ವಿಮಾನದಲ್ಲಿ ಸರಕಾಗಿಯೇ ಹೋಗಬೇಕು, ಪ್ರಯಾಣಿಕರ ಜೊತೆ ಕೂರುವಂತಿಲ್ಲ. ಇಳಿಯುವ ಮುಂಚಿನ 1ರಿಂದ 5 ದಿನಗಳೊಳಗೆ ಲಾಡಿಹುಳುವಿನ ಔಷಧಿ ಹಾಕಿಸಿರಬೇಕು.

ಹೋದದ್ದು ವಾಪಸು ಬರುವುದೂ ಸುಲಭವಲ್ಲ. ಎರಡು ವರ್ಷ ಹೊರಗಿದ್ದು ವಾಸ ಬದಲಿಸಿ ಮರಳುವವರು ಎರಡು ಪ್ರಾಣಿಗಳವರೆಗೆ ಸಾಮಾನಿನ ಜೊತೆ ತರಬಹುದು ಅನ್ನುವುದು 2013ರಿಂದ ಬಂದ ನಿಯಮ. 2022ರಲ್ಲಿ ಉಕ್ರೇನ್ ಯುದ್ಧದಿಂದ ನಮ್ಮ ವಿದ್ಯಾರ್ಥಿಗಳು ಮರಳಿದಾಗ ಕೆಲವರು ನಾಯಿ ಬೆಕ್ಕು ಬಿಟ್ಟು ಬರಲು ಒಪ್ಪಲಿಲ್ಲ. ಆಗ ಸರ್ಕಾರ ಒಂದು ಸಲದ ಮಟ್ಟಿಗೆ ನಿಯಮ ಸಡಿಲಿಸಿತು. ಬಾಂಬು ಬೀಳುವಾಗ ಕಾಗದ ಇಲ್ಲದಿದ್ದರೆ ಲೋಕ ಕ್ಷಮಿಸುತ್ತದೆ. ಆರು ತಿಂಗಳ ಮುಂಚೆ ಕೆಲಸದ ಆದೇಶ ಕೈಗೆ ಬಂದವರು ಆ ವಿನಾಯಿತಿ ಕೇಳುವಂತಿಲ್ಲ.

ಕಣಿವೆಯ ತಾಯ್ತಂದೆಯರಿಗೆ ಕೊನೆಯದಾಗಿ ಒಂದು ಮಾತು. ಮಗನೋ ಮಗಳೋ ಹೊರದೇಶದಲ್ಲಿದ್ದರೆ, ಇವತ್ತಲ್ಲ ನಾಳೆ ನಿಮಗೂ ಕರೆ ಬರಬಹುದು ಅನ್ನಿಸಿದರೆ, ನಾಯಿಗೆ ಈ ವರ್ಷವೇ ಚಿಪ್ ಹಾಕಿಸಿ, ಲಸಿಕೆ ಹಾಕಿಸಿ, ರಕ್ತಪರೀಕ್ಷೆ ಮಾಡಿಸಿಡಿ. ಯುರೋಪು, ಬ್ರಿಟನ್ನುಗಳ ಮಟ್ಟಿಗೆ ಮುಂದಿನ ಲಸಿಕೆಗಳು ಒಂದು ದಿನವೂ ತಡವಾಗದಿದ್ದರೆ ಆ ಪರೀಕ್ಷೆ ಮತ್ತೆ ಬೇಕಾಗುವುದಿಲ್ಲ. ಹೋಗದೆ ಉಳಿದರೂ ನಷ್ಟವಿಲ್ಲ, ಲಸಿಕೆ ಬೀದಿಯ ಮಕ್ಕಳನ್ನು ಕಾಯುತ್ತದೆ. ಮಕ್ಕಳಿಗೂ ಒಂದು ಮಾತು: ಅಪ್ಪ ಅಮ್ಮನ ವೀಸಾ ಪಟ್ಟಿಯಲ್ಲಿ ಒಂದು ಸಾಲು ಹೆಚ್ಚು ಬರೆದುಕೊಳ್ಳಿ. 'ನಾಯಿ: ಜೊತೆಗೋ, ಇಲ್ಲೇಯೋ? ಇಲ್ಲೇ ಆದರೆ ಯಾರ ಹತ್ತಿರ?' ಈ ಸಾಲಿನ ಮುಂದೆ ಒಂದು ಹೆಸರು ಬೀಳುವ ತನಕ ಟಿಕೆಟ್ಟು ತೆಗೆಯಬೇಡಿ.

ನೀವೇನಂತೀರಿ?